ಹಿಡಿಯದ ಕುಸ್ತಿಗೆ ಗದೆ ಕೊಡುವವರು

ಕುಸ್ತಿ ಬಲ್ಲವರೆಂದು ಹೇಳಿಕೊಳ್ಳುವವರ ನಡುವೆ ಒಂದು ಮಾತು ಎದುರಿಲ್ಲದೆ ಓಡಾಡುತ್ತಿದೆ. ಇಬ್ಬರು ಪೈಲ್ವಾನರಲ್ಲಿ ಯಾರು ಮೇಲು ಎಂದು ತಿಳಿಯಬೇಕಾದರೆ ಅವರು ಹಿಡಿದ ಕುಸ್ತಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಾರದಂತೆ. ಇಬ್ಬರೂ ಭರದಲ್ಲಿದ್ದಾಗ ಹಿಡಿದಿದ್ದರೆ ಏನಾಗುತ್ತಿತ್ತು ಎಂದು ಊಹಿಸಬೇಕಂತೆ. ಮುಷ್ಟಿ ಕಾಳಗದವರೂ ಇದನ್ನೇ ಹೇಳುತ್ತಾರೆ, ಟಿವಿಯಲ್ಲಿ ಕೋಟು ಹಾಕಿಕೊಂಡು ಕೂತ ಪಂಡಿತರೂ ಇದನ್ನೇ ಹೇಳುತ್ತಾರೆ. ಕೇಳುವುದಕ್ಕೆ ನ್ಯಾಯವಾಗಿಯೇ ಕಾಣುತ್ತದೆ. ಮುದುಕನಾದ ಮೇಲೆ ಸೋತದ್ದನ್ನು ಹಿಡಿದು ಒಬ್ಬನನ್ನು ಅಳೆಯಬಾರದಲ್ಲ! ಆದರೆ ಈ ನ್ಯಾಯದ ಮಾತಿನ ಒಳಗೆ ಒಂದು ಮೋಸವಿದೆ. ಸೋತವನ ಕಡೆಯವರು ಸೋಲನ್ನು ಒಪ್ಪದೆ ಮನೆಗೆ ಹೋಗುವುದಕ್ಕೆ ಮಾಡಿಕೊಂಡ ಹಿತ್ತಿಲ ಬಾಗಿಲು ಅದು.

ಪುಣೆ–ಸೋಲಾಪುರ ಹೆದ್ದಾರಿಯ ಮೇಲಿರುವ ಇಂದಾಪುರದಲ್ಲಿ ಈ ವಾದವನ್ನು ಚೆನ್ನಾಗಿ ಕೇಳಬಹುದು. ಶಿವಾಜಿಯ ಅಜ್ಜ ಮಾಲೋಜಿ ಕಾದು ಮಡಿದ ಊರು ಅದು. ಪಕ್ಕದಲ್ಲೇ ಉಜನಿ ಅಣೆಕಟ್ಟಿನ ಹಿನ್ನೀರು. ಅಲ್ಲಿ ತಡೆದು ಬಿಟ್ಟ ಭೀಮೆಯ ನೀರೇ ಪಂಢರಪುರ ದಾಟಿ ನಮ್ಮ ಇಂಡಿ, ಅಫಜಲಪುರದ ಕಡೆಗೆ ಬರುವುದು. ವಿಜಯಪುರ, ಕಲಬುರಗಿ ಕಡೆಯಿಂದ ಪುಣೆಗೆ ಹೋಗುವ ಲಾರಿಗಳು ಈ ದಾರಿಯಲ್ಲೇ ಸಾಗುತ್ತವೆ. ಹಾಗಾಗಿ ಅಲ್ಲಿಯ ಚಹದಂಗಡಿಗಳಲ್ಲಿ ಮರಾಠಿಯ ಜತೆ ನಮ್ಮ ಕಡೆಯ ಕನ್ನಡವೂ ಕಿವಿಗೆ ಬೀಳುತ್ತದೆ. ಮಾತು ಕಬ್ಬಿನ ದರದಿಂದ ಶುರುವಾಗಿ ರಾಜಕಾರಣಕ್ಕೆ ಹೊರಳಿ ಕೊನೆಗೆ ಕುಸ್ತಿಗೆ ಬಂದು ನಿಲ್ಲುತ್ತದೆ. ಕುಸ್ತಿಯ ಮಾತು ಬಂತೆಂದರೆ ಹರಿಶ್ಚಂದ್ರ ಬಿರಾಜದಾರ ಮತ್ತು ಸತ್ಪಾಲ್ ಬಾರದೆ ಇರುವುದಿಲ್ಲ.

"ಸತ್ಪಾಲ ಭರದಾಗ ಇದ್ದಾಗ ಬಿರಾಜದಾರಗ ನಿಲ್ಲಾಕ ಆಗ್ತಿರಲಿಲ್ಲೋ ತಮ್ಮಾ" ಎನ್ನುತ್ತಾನೆ ಒಬ್ಬ. "ಏ ಕಾಕಾ, ಬಿರಾಜದಾರ ಭರದಾಗ ಇದ್ದಾಗ ಸತ್ಪಾಲ ಎಲ್ಲಿದ್ದ? ಇನ್ನೂ ಲಂಗೋಟಿ ಕಟ್ಟಾಕ ಕಲೀತಿದ್ದ" ಎನ್ನುತ್ತಾನೆ ಇನ್ನೊಬ್ಬ. ಚಹ ಆರುತ್ತದೆ, ವಾದ ಆರುವುದಿಲ್ಲ.

ಇಬ್ಬರೂ ಸಣ್ಣ ಆಳುಗಳಲ್ಲ. ಬಿರಾಜದಾರರು ಲಾತೂರ ಜಿಲ್ಲೆಯ ನಿಲಂಗಾ ತಾಲೂಕಿನವರು, ಅಂದರೆ ನಮ್ಮ ಬೀದರ ಗಡಿಯ ಮಗ್ಗುಲಿನವರು. (ಅದೇ ಅಡ್ಡಹೆಸರಿನ ಬಿರಾದಾರರು ವಿಜಯಪುರ, ಕಲಬುರಗಿಯಲ್ಲಿ ಊರಿಗೆ ಹತ್ತು ಮನೆ ಇರುವುದರಿಂದ ನಮ್ಮವರೂ ಅವರನ್ನು ಅರ್ಧ ನಮ್ಮವರೆಂದೇ ಎಣಿಸುತ್ತಾರೆ.) ಕೊಲ್ಹಾಪುರದ ಗಂಗಾವೇಸ್ ತಾಲೀಮಿನ ಮಣ್ಣಿನಲ್ಲಿ ಬೆಳೆದು 1969ರಲ್ಲಿ ಮಹಾರಾಷ್ಟ್ರ ಕೇಸರಿಯಾದರು. 1970ರ ಎಡಿನ್‌ಬರೊ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದರು, ರುಸ್ತುಂ-ಎ-ಹಿಂದ್ ಎನಿಸಿಕೊಂಡರು. ಸತ್ಪಾಲ್ ದೆಹಲಿಯ ಬವಾನಾದವರು, ಗುರು ಹನುಮಾನರ ಅಖಾಡದ ಶಿಷ್ಯ. 1974ರಲ್ಲಿ ಅರ್ಜುನ ಪ್ರಶಸ್ತಿ, 1982ರ ದೆಹಲಿ ಏಷ್ಯಾಡ್‌ನಲ್ಲಿ 100 ಕಿಲೋ ವಿಭಾಗದ ಚಿನ್ನ. ಮುಂದೆ ಸುಶೀಲ್ ಕುಮಾರರಂಥ ಶಿಷ್ಯನನ್ನು ತಯಾರು ಮಾಡಿದವರು.

1977ರಲ್ಲಿ ಬೆಳಗಾವಿಯಲ್ಲಿ ಇವರಿಬ್ಬರ ಕುಸ್ತಿ ನಡೆಯಿತು. ಬಿರಾಜದಾರರು ಗೆದ್ದರು.

ಇಲ್ಲಿಗೆ ಮಾತು ಮುಗಿಯಬೇಕಿತ್ತು. ಆದರೆ ಇಲ್ಲಿಂದಲೇ ಶುರುವಾಗುತ್ತದೆ. ಸತ್ಪಾಲ್ ಕಡೆಯವರು 1982ರ ಚಿನ್ನದ ಪದಕವನ್ನು ತೋರಿಸಿ, "ಅವನ ಭರದ ಕಾಲ ಅದು, 1977ರಲ್ಲಿ ಇನ್ನೂ ಹುಡುಗ" ಎನ್ನುತ್ತಾರೆ. ಅರ್ಜುನ ಪ್ರಶಸ್ತಿ ಬಂದು ಮೂರು ವರ್ಷವಾದವನು, ಕಾಮನ್‌ವೆಲ್ತ್ ಬೆಳ್ಳಿ ಕೊರಳಲ್ಲಿದ್ದವನು, ಸೋತ ದಿನ ಮಾತ್ರ ಹುಡುಗನಾಗಿಬಿಡುತ್ತಾನೆ. ಬಿರಾಜದಾರರ ಕಡೆಯವರೂ ಸುಮ್ಮನಿರುವುದಿಲ್ಲ. ಗೆದ್ದದ್ದು ಸಾಲದೆ, "ನಮ್ಮವನ ಭರದ ಕಾಲ 1970, 1977ರಲ್ಲಿ ಇಳಿಮುಖದಲ್ಲಿದ್ದ, ಆದರೂ ಗೆದ್ದ" ಎಂದು ಇನ್ನೊಂದು ಗದೆಯನ್ನು ಹೆಗಲಿಗೆ ಏರಿಸುತ್ತಾರೆ. ಹೀಗೆ ನೋಡಿದರೆ ಬೆಳಗಾವಿಯಲ್ಲಿ ಆ ದಿನ ಕಣಕ್ಕೆ ಇಳಿದವರು ಬಿರಾಜದಾರರೂ ಅಲ್ಲ, ಸತ್ಪಾಲರೂ ಅಲ್ಲ. ಒಬ್ಬ ಇನ್ನೂ ಆಗಿರಲಿಲ್ಲ, ಇನ್ನೊಬ್ಬ ಆಗಿ ಮುಗಿದಿದ್ದ!

ಭರದ ಕಾಲ ಯಾವುದೆಂದು ಗೊತ್ತು ಮಾಡುವವರು ಯಾರು? ಗರಡಿಯ ಉಸ್ತಾದನಲ್ಲ, ವೈದ್ಯನಲ್ಲ. ಫಲಿತಾಂಶ. ಗೆದ್ದ ದಿನವೆಲ್ಲ ಭರ, ಸೋತ ದಿನವೆಲ್ಲ ಇಳಿಮುಖ. ಮೊದಲು ಸೋಲನ್ನು ನೋಡಿ, ಆಮೇಲೆ ಗೆರೆ ಎಳೆದು, ಸೋಲು ಗೆರೆಯ ಆಚೆಗೆ ಬೀಳುವಂತೆ ಮಾಡುವ ಕೆಲಸ ಇದು. ಈ ಲೆಕ್ಕದಲ್ಲಿ ಲೋಕದಲ್ಲಿ ಯಾರೂ ಯಾವತ್ತೂ ಸೋತಿಲ್ಲ.

ಇದೇ ಆಟವನ್ನು ದೊಡ್ಡ ಕಣದಲ್ಲಿ ನೋಡಬೇಕಾದರೆ ಮುಷ್ಟಿ ಕಾಳಗದ ಮುಹಮ್ಮದ್ ಅಲಿ ಮತ್ತು ಜೋ ಫ್ರೇಜಿಯರ್ ಕಡೆಗೆ ಹೋಗಬೇಕು. ಯಾರು ಮೇಲು ಎಂದು ಜಗತ್ತು ಇಂದಿಗೂ ಕಿತ್ತಾಡುವ ಜೋಡಿ ಅದು. ಕಿತ್ತಾಡಬೇಕಾದ ಅಗತ್ಯವೇ ಇಲ್ಲದ ಜೋಡಿಯೂ ಅದೇ, ಏಕೆಂದರೆ ಅವರು ಮೂರು ಸಲ ಕಾದಿದ್ದಾರೆ. 1971ರ ಮಾರ್ಚ್ 8ರಂದು ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ 15 ಸುತ್ತು, ಗೆದ್ದವನು ಫ್ರೇಜಿಯರ್. 1974ರ ಜನವರಿ 28ರಂದು ಅಲ್ಲಿಯೇ 12 ಸುತ್ತು, ಗೆದ್ದವನು ಅಲಿ. 1975ರ ಅಕ್ಟೋಬರ್ 1ರಂದು ಮನಿಲಾದಲ್ಲಿ 14 ಸುತ್ತು. ಹದಿನೈದನೆಯದಕ್ಕೆ ಏಳಲು ಫ್ರೇಜಿಯರನ ಗುರು ಎಡ್ಡಿ ಫಚ್ ಬಿಡಲಿಲ್ಲ, ಗೆದ್ದವನು ಅಲಿ. ಒಟ್ಟು 41 ಸುತ್ತು. ಇಬ್ಬರ ರಕ್ತ, ಊದಿದ ದವಡೆ, ಮುಚ್ಚಿದ ಕಣ್ಣು ಎಲ್ಲವೂ ಫಿಲ್ಮಿನಲ್ಲಿದೆ. ಇಷ್ಟಾದರೂ ಭರವಾದಿಗಳಿಗೆ ಇವು ಯಾವುವೂ ಸಾಕ್ಷಿಯಲ್ಲ.

ಅಲಿಯ ಭಕ್ತರಿಗೆ 1971 ಲೆಕ್ಕಕ್ಕಿಲ್ಲ. ವಿಯೆಟ್ನಾಂ ಯುದ್ಧಕ್ಕೆ ಹೋಗಲು ಒಪ್ಪದ ಕಾರಣ 1967ರಿಂದ 1970ರವರೆಗೆ ಅವನನ್ನು ಕಣದಿಂದ ಹೊರಗಿಟ್ಟಿದ್ದರು; ಕಾಲು ಜಡವಾಗಿತ್ತು ಎನ್ನುತ್ತಾರೆ. ಫ್ರೇಜಿಯರನ ಭಕ್ತರಿಗೆ 1974, 1975 ಲೆಕ್ಕಕ್ಕಿಲ್ಲ. 1971ರ ಆ ರಾತ್ರಿಯೇ ಫ್ರೇಜಿಯರ್ ತನ್ನಲ್ಲಿದ್ದುದನ್ನೆಲ್ಲ ಸುರಿದು ಖಾಲಿಯಾಗಿದ್ದ, 1973ರಲ್ಲಿ ಕಿಂಗ್‌ಸ್ಟನ್‌ನಲ್ಲಿ ಜಾರ್ಜ್ ಫೋರ್ಮನ್ ಎರಡೇ ಸುತ್ತಿನಲ್ಲಿ ಅವನನ್ನು ಆರು ಸಲ ಕೆಡವಿದ್ದೇ ಅದಕ್ಕೆ ಗುರುತು ಎನ್ನುತ್ತಾರೆ. ಎರಡೂ ಕಡೆಯವರ ಮಾತನ್ನು ಒಪ್ಪಿದರೆ ನಡೆದ 41 ಸುತ್ತೂ ರದ್ದಾಗಿ, ನಡೆಯದ ಒಂದು ಕಾಳಗ ಮಾತ್ರ ಉಳಿಯುತ್ತದೆ. ಅದರಲ್ಲಿ ಯಾರಿಗೂ ಪೆಟ್ಟಾಗುವುದಿಲ್ಲ, ಬೇಕಾದವರು ಗೆಲ್ಲುತ್ತಾರೆ.

ಆ 1971ರ ರಾತ್ರಿಯನ್ನೇ ಸ್ವಲ್ಪ ಹತ್ತಿರದಿಂದ ನೋಡೋಣ. ಅಲಿ 31 ಕಾಳಗ ಆಡಿ ಒಂದೂ ಸೋತಿರಲಿಲ್ಲ. ಫ್ರೇಜಿಯರ್ 26 ಆಡಿ ಒಂದೂ ಸೋತಿರಲಿಲ್ಲ. ಅಲಿಗಿಂತ ಕುಳ್ಳ, ತೋಳೂ ಮೋಟು. ಹಾಗಾಗಿ ಅವನು ಮಾಡಬೇಕಾದ್ದು ಒಂದೇ: ಬಾಗಿ, ತಲೆಯನ್ನು ಅತ್ತಿತ್ತ ತೂಗುತ್ತ, ಅಲಿಯ ಪೆಟ್ಟುಗಳ ಕೆಳಗೆ ನುಗ್ಗಿ, ಎದೆಗೆ ಎದೆ ತಾಗುವಷ್ಟು ಹತ್ತಿರ ಹೋಗಿ ಎಡಗೈಯ ಕೊಕ್ಕೆ ಪೆಟ್ಟು ಬೀಸುವುದು. ಹತ್ತಿರ ಹೋಗುವ ದಾರಿಯಲ್ಲಿ ತಿನ್ನಬೇಕಾದ್ದನ್ನೆಲ್ಲ ತಿನ್ನಲೇಬೇಕು. ಅದಕ್ಕೆ ರಿಯಾಯಿತಿ ಇಲ್ಲ. ಹದಿನಾಲ್ಕು ಸುತ್ತು ತಿಂದ. ಹದಿನೈದನೆಯ ಸುತ್ತಿನ ಮೊದಲ ಅರ್ಧ ನಿಮಿಷದೊಳಗೆ ಆ ಎಡಗೈ ನೆಲದಿಂದ ಎದ್ದು ಬಂದ ಹಾಗೆ ಬಂದು ಅಲಿಯ ದವಡೆಗೆ ಬಿತ್ತು. ಅಲಿ ಬೆನ್ನ ಮೇಲೆ ಬಿದ್ದ. ಬಿದ್ದವನು ನಾಲ್ಕೆಣಿಸುವುದರೊಳಗೆ ಎದ್ದು ನಿಂತು ಉಳಿದ ಸುತ್ತನ್ನು ಮುಗಿಸಿದ. ಕಾಲು ಜಡವಾದವನು ಅಂಥ ಪೆಟ್ಟು ತಿಂದು ಹಾಗೆ ಏಳುತ್ತಾನೆಯೆ? ಆ ಏಳುವಿಕೆಯನ್ನು ಕಂಡ ಮೇಲೂ ಅದನ್ನು ಅಲಿಯ ಭರದ ಕಾಲವಲ್ಲವೆಂದು ಬದಿಗೆ ಸರಿಸುವವನು ಅಲಿಯ ಅಭಿಮಾನಿಯೇ ಅಲ್ಲ. ಅವನಿಗೆ ಬೇಕಾಗಿರುವುದು ಗೋಡೆಗೆ ಅಂಟಿಸುವ ಚಿತ್ರ.

ಹಾಗಾದರೆ ಅಲಿಯ ಭರ ಯಾವಾಗ? ಎಲ್ಲರೂ ಒಂದೇ ದಿನಕ್ಕೆ ಬೆರಳು ತೋರಿಸುತ್ತಾರೆ: 1966ರ ನವೆಂಬರ್ 14, ಹ್ಯೂಸ್ಟನ್, ಕ್ಲೀವ್‌ಲೆಂಡ್ ವಿಲಿಯಮ್ಸ್ ವಿರುದ್ಧ ಮೂರು ಸುತ್ತಿನ ಗೆಲುವು. ಫಿಲ್ಮು ನೋಡಿದರೆ ಕಣ್ಣು ಕುಕ್ಕುತ್ತದೆ, ಒಪ್ಪೋಣ. ಆದರೆ ಎದುರಿಗೆ ನಿಂತಿದ್ದ ವಿಲಿಯಮ್ಸ್ ಎಂಥವನಾಗಿದ್ದ? ಎರಡು ವರ್ಷದ ಹಿಂದೆ ಪೊಲೀಸನೊಬ್ಬನ ಗುಂಡು ಅವನ ಹೊಟ್ಟೆಗೆ ಹೊಕ್ಕಿತ್ತು. ಶಸ್ತ್ರಚಿಕಿತ್ಸೆಯ ಮೇಲೆ ಶಸ್ತ್ರಚಿಕಿತ್ಸೆಯಾಗಿ, ಒಂದು ಮೂತ್ರಪಿಂಡ ಕಳೆದುಕೊಂಡು, ಗುಂಡನ್ನು ಮೈಯೊಳಗೇ ಇಟ್ಟುಕೊಂಡು ಕಣಕ್ಕೆ ಬಂದಿದ್ದ. ಅಂಥವನನ್ನು ಕೆಡವಿದ್ದು ಪರಮೋಚ್ಚ ಸಾಕ್ಷಿ, ಎಲ್ಲರನ್ನೂ ಕೆಡವಿ ಬಂದ ಫ್ರೇಜಿಯರ್ ಎದುರು ಹದಿನೈದು ಸುತ್ತು ನಿಂತದ್ದು ಸಾಕ್ಷಿಯೇ ಅಲ್ಲ! ಭರವಾದಿಗಳ ನ್ಯಾಯ ಎಲ್ಲಿಗೆ ಮುಟ್ಟುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಬೇಡ.

ಇನ್ನೂ ಒಂದು ಕೈಚಳಕವಿದೆ. ಭರದ ಅಲಿ ಎಂದು ಇವರು ಹೇಳುವಾಗ ಕಣ್ಣ ಮುಂದೆ ತಂದುಕೊಳ್ಳುವುದು 1966ರ ಕಾಲುಗಳನ್ನು. 1974ರಲ್ಲಿ ಕಿನ್ಶಾಸಾದಲ್ಲಿ ಹಗ್ಗಕ್ಕೆ ಒರಗಿ ನಿಂತು ಫೋರ್ಮನ್‌ನ ತೋಳು ಸೋಲುವವರೆಗೆ ಕಾದು, ಎಂಟನೆಯ ಸುತ್ತಿನಲ್ಲಿ ಕೆಡವಿದ ಬುದ್ಧಿಯನ್ನು. 1975ರಲ್ಲಿ ಮನಿಲಾದ ಸೆಕೆಯಲ್ಲಿ ಸಾವಿನ ಹತ್ತಿರ ಹೋಗಿ ಬಂದ ಎದೆಗಾರಿಕೆಯನ್ನು. ಈ ಮೂರೂ ಒಂದೇ ದಿನ ಒಂದೇ ಮೈಯಲ್ಲಿ ಇರಲಿಲ್ಲ. ಕಾಲು ಓಡುತ್ತಿದ್ದಾಗ ಆ ಬುದ್ಧಿ ಬೇಕಾಗಿರಲಿಲ್ಲ, ಹಾಗಾಗಿ ಬಂದಿರಲಿಲ್ಲ. ಕಾಲು ನಿಂತ ಮೇಲೆ ಬುದ್ಧಿ ಬಂತು. ಇಪ್ಪತ್ತನಾಲ್ಕರ ಅಲಿ ಫೋರ್ಮನ್‌ನ ಪೆಟ್ಟನ್ನು ಹೊಟ್ಟೆಗೆ ತಿಂದು ನಗುತ್ತ ನಿಲ್ಲುತ್ತಿದ್ದನೇ ಎಂದು ಯಾರು ಹೇಳಬಲ್ಲರು? ನಮ್ಮ ಗರಡಿಗಳಲ್ಲೂ ಇದು ಗೊತ್ತಿರುವ ಸಂಗತಿಯೇ. ಇಪ್ಪತ್ತೆರಡರಲ್ಲಿ ದಮ್ಮು ಇರುತ್ತದೆ, ಮೂವತ್ತರಲ್ಲಿ ಡಾವು ಕೂಡುತ್ತದೆ. ದಮ್ಮು ಇಳಿಯುವ ಹೊತ್ತಿಗೇ ಎದುರಾಳಿಯ ಹೆಜ್ಜೆ ಓದುವ ಕಣ್ಣು ಬರುತ್ತದೆ. ಬೇರೆ ಬೇರೆ ವರ್ಷದ ತುಂಡುಗಳನ್ನು ಹೊಲಿದು ನಿಲ್ಲಿಸಿದ ಈ ಪೈಲ್ವಾನ ಯಾವ ಮಣ್ಣಿನಲ್ಲೂ ಕಾಲಿಟ್ಟವನಲ್ಲ.

ಇಂಥ ಕಾಳಗವನ್ನು ಒಮ್ಮೆ ನಿಜವಾಗಿಯೂ ನಡೆಸಿ ನೋಡಿದರು. 1969ರಲ್ಲಿ ಅಲಿಯನ್ನೂ, ಒಂದೂ ಸೋಲದೆ 49 ಕಾಳಗ ಗೆದ್ದು 1956ರಲ್ಲೇ ನಿವೃತ್ತನಾಗಿದ್ದ ರಾಕಿ ಮಾರ್ಸಿಯಾನೊನನ್ನೂ ಮಯಾಮಿಯ ಒಂದು ಸ್ಟುಡಿಯೋಕ್ಕೆ ಕರೆಸಿದರು. ಮಾರ್ಸಿಯಾನೊಗೆ ನಲವತ್ತೈದು. ಬೊಜ್ಜು ಕರಗಿಸಿ, ತಲೆಗೆ ಕೂದಲಿನ ಟೋಪನ್ ಹಾಕಿಸಿದರು. ಒಂದೊಂದು ನಿಮಿಷದ ಸುತ್ತುಗಳನ್ನು ಆಡಿಸಿ ಚಿತ್ರೀಕರಿಸಿದರು. ಇಬ್ಬರೂ ಭರದಲ್ಲಿದ್ದಾಗ ಏನಾಗುತ್ತಿತ್ತೆಂದು ಕಂಪ್ಯೂಟರ್ ಹೇಳುತ್ತದೆ ಎಂದು ಡಂಗುರ ಸಾರಿದರು. 1970ರ ಜನವರಿ 20ರಂದು ಚಿತ್ರಮಂದಿರಗಳಲ್ಲಿ ತೋರಿಸಿದಾಗ ಹದಿಮೂರನೆಯ ಸುತ್ತಿನಲ್ಲಿ ಮಾರ್ಸಿಯಾನೊ ಗೆದ್ದಿದ್ದ. ಅದನ್ನು ನೋಡಲು ಅವನೇ ಇರಲಿಲ್ಲ. ಹಿಂದಿನ ಆಗಸ್ಟಿನಲ್ಲಿ ವಿಮಾನ ಬಿದ್ದು ತೀರಿಕೊಂಡಿದ್ದ. ಯುರೋಪಿನಲ್ಲಿ ತೋರಿಸಿದ ಪ್ರತಿಯಲ್ಲಿ ಗೆದ್ದವನು ಅಲಿ! ಕೊಳ್ಳುವವರಿಗೆ ಯಾವುದು ಬೇಕೋ ಅದನ್ನು ಕಟ್ಟಿ ಕೊಟ್ಟರು. ಭರದ ಕಾಲದ ಕಾಳಗಗಳೆಲ್ಲ ಹೀಗೆಯೇ. ಅಂದು ಕಂಪ್ಯೂಟರಿನ ಹೆಸರಿತ್ತು, ಚಹದಂಗಡಿಯಲ್ಲಿ ಅದೂ ಬೇಕಾಗಿಲ್ಲ.

ಇಬ್ಬರೂ ನಿಜವಾಗಿ ಭರದಲ್ಲಿದ್ದಾಗಲೇ ಎದುರುಬದುರಾದ ಉದಾಹರಣೆ ಇಲ್ಲವೇ ಎಂದು ಕೇಳಬಹುದು. ಇದೆ, ಅದೂ ನಮ್ಮ ಗಾಮ ಪೈಲ್ವಾನನದೇ. 1910ರ ಸೆಪ್ಟೆಂಬರ್ 10ರಂದು ಲಂಡನ್ನಿನಲ್ಲಿ ಗಾಮ ಮತ್ತು ಪೋಲೆಂಡಿನ ಸ್ಟಾನಿಸ್ಲಾಸ್ ಸ್ಬಿಸ್ಕೊ ಹಿಡಿದರು. ಇಬ್ಬರಿಗೂ ಮೂವತ್ತರ ಆಸುಪಾಸು. ಇದಕ್ಕಿಂತ ಒಳ್ಳೆಯ ಹೊಂದಾಣಿಕೆಯ ಜೋಡಿ ಯಾರು ಕಟ್ಟಬಲ್ಲರು? ಆದದ್ದೇನು? ಸ್ಬಿಸ್ಕೊ ಹೊಟ್ಟೆ ಕೆಳಗಾಗಿ ಚಾಪೆಗೆ ಅಂಟಿಕೊಂಡು ಮಲಗಿಬಿಟ್ಟ. ಎರಡೂವರೆ ಗಂಟೆಗೂ ಹೆಚ್ಚು ಹೊತ್ತು ಗಾಮ ಅವನನ್ನು ಮಗುಚಲು ಒದ್ದಾಡಿದ. ಕುಸ್ತಿ ಬರಾಬರಿ. ಮುಂದಿನ ವಾರದ ಕುಸ್ತಿಗೆ ಸ್ಬಿಸ್ಕೊ ಬರಲೇ ಇಲ್ಲ. ಜನ ಇಂದಿಗೂ ಕಣ್ಣರಳಿಸಿ ಹೇಳುವುದು 1928ರ ಪಟಿಯಾಲದ ಕುಸ್ತಿಯನ್ನು. ಅಲ್ಲಿ ಗಾಮ ಒಂದು ನಿಮಿಷದೊಳಗೆ ಸ್ಬಿಸ್ಕೊನನ್ನು ಚಿತ್ ಮಾಡಿದ. ಆಗ ಇಬ್ಬರೂ ಐವತ್ತರ ಹತ್ತಿರ. ಭರಕ್ಕೆ ಭರ ಸೇರಿಸಿದಾಗ ಏನೂ ತೀರ್ಮಾನವಾಗಲಿಲ್ಲ. ತೀರ್ಮಾನವಾದದ್ದು ಭರ ಮುಗಿದ ಮೇಲೆ. ಗಾಮನ ಭಕ್ತರು ಪಟಿಯಾಲವನ್ನು ಹೆಮ್ಮೆಯಿಂದ ಎಣಿಸುವಾಗ ಮಾತ್ರ ವಯಸ್ಸಿನ ಮಾತು ಎತ್ತುವುದಿಲ್ಲ, ಗಮನಿಸಿ.

ವಯಸ್ಸಿಗೆ ಬೆಲೆಯೇ ಇಲ್ಲವೇ? ಇದೆ. 1951ರಲ್ಲಿ ಮೂವತ್ತೇಳರ ಜೋ ಲೂಯಿಯನ್ನು ಮಾರ್ಸಿಯಾನೊ ಎಂಟನೆಯ ಸುತ್ತಿನಲ್ಲಿ ಕೆಡವಿದ್ದನ್ನು ನೋಡಿ ಲೂಯಿ ಸಣ್ಣವನೆಂದು ಯಾರೂ ಹೇಳಲಾರರು. 1980ರ ಅಕ್ಟೋಬರಿನಲ್ಲಿ ಲ್ಯಾರಿ ಹೋಮ್ಸ್ ಎದುರು ನಿಂತ ಮೂವತ್ತೆಂಟರ ಅಲಿಯನ್ನು ಕಣಕ್ಕೆ ಬಿಟ್ಟದ್ದೇ ತಪ್ಪು. ಅದೇ ವರ್ಷದ ಆರಂಭದಲ್ಲಿ ಮದರಾಸಿಗೆ ಬಂದು ಜಿಮ್ಮಿ ಎಲ್ಲಿಸ್ ಜತೆ ಪ್ರದರ್ಶನಕ್ಕೆ ಕೈಯಾಡಿಸಿದ್ದ ಅಲಿ ಹಳೆಯ ಅಲಿಯಲ್ಲ ಎಂಬುದು ನೋಡಿದ ಯಾರಿಗೂ ಗೊತ್ತಾಗುವಂತಿತ್ತು. ಈ ಸೋಲುಗಳಿಗೆ ಕಡಿಮೆ ತೂಕ ಕೊಡಿ, ಯಾರೂ ಬೇಡವೆನ್ನುವುದಿಲ್ಲ. ಆದರೆ ಒಂದು ಸೋಲಿನ ತೂಕ ಇಳಿಸುವುದು ಬೇರೆ, ಅದರ ಜಾಗದಲ್ಲಿ ಇಲ್ಲದ ಗೆಲುವೊಂದನ್ನು ಬರೆದುಕೊಳ್ಳುವುದು ಬೇರೆ. ಹೋಮ್ಸ್ ಎದುರಿನ ಸೋಲನ್ನು ಅಳಿಸಿದರೆ ಅಲ್ಲಿ ಉಳಿಯುವುದು ಖಾಲಿ ಜಾಗ, ಅಲಿಯ ಗೆಲುವಲ್ಲ.

ನಿಜವಾದ ಅನ್ಯಾಯಕ್ಕೆ ದನಿ ಎತ್ತುವುದೂ ಇದೂ ಒಂದೇ ಅಲ್ಲ. ಸಾತಾರಾ ಜಿಲ್ಲೆಯ ಗೋಳೇಶ್ವರದ ಖಾಶಾಬಾ ಜಾಧವರು 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಕಂಚು ತಂದರು. ಜಪಾನಿನ ಶೋಹಾಚಿ ಇಶಿಯ ಜತೆ ದೀರ್ಘವಾಗಿ ಹಿಡಿದು ಸೋತ ಬೆನ್ನಿಗೇ, ಸಿಗಬೇಕಾದ ವಿಶ್ರಾಂತಿ ಸಿಗದೆ ಸೋವಿಯತ್ ಪೈಲ್ವಾನನ ಎದುರು ಇಳಿಯಬೇಕಾಯಿತು. ಪರವಾಗಿ ವಾದಿಸಲು ಭಾರತದ ಅಧಿಕಾರಿಯೊಬ್ಬನೂ ಅಲ್ಲಿರಲಿಲ್ಲ. ಈ ದೂರಿಗೆ ದಿನವಿದೆ, ಜಾಗವಿದೆ, ನಿಯಮವಿದೆ, ಪರಿಶೀಲಿಸಬಹುದು. ಭರದ ಕಾಲದ ದೂರಿಗೆ ಇವು ಯಾವುವೂ ಇಲ್ಲ.

ಕ್ರಿಕೆಟ್ಟಿನವರು ಇಲ್ಲಿ ಸ್ವಲ್ಪ ರಿಯಾಯಿತಿ ಕೇಳಬಹುದು. ವಿಶ್ವನಾಥ್ ಮೇಲೋ ಗಾವಸ್ಕರ್ ಮೇಲೋ ಎಂದು ನಾವು ಜಗಳವಾಡಿದ್ದರೆ ಅದಕ್ಕೆ ಕಾರಣವಿತ್ತು. ಇಬ್ಬರೂ ಬ್ಯಾಟು ಹಿಡಿಯುವವರು, ಒಬ್ಬರ ಎದುರು ಒಬ್ಬರು ನಿಂತು ತೀರ್ಮಾನ ಮಾಡಿಕೊಳ್ಳುವ ದಾರಿಯೇ ಅವರಿಗಿರಲಿಲ್ಲ. 1975ರ ಮದರಾಸಿನಲ್ಲಿ ವಿಶ್ವನಾಥರ ಆ ಔಟಾಗದ 97ನ್ನು ಎಷ್ಟು ಸಲ ಬೇಕಾದರೂ ಹೇಳಿಕೊಳ್ಳೋಣ. ಮುಷ್ಟಿಯವರಿಗೂ ಕುಸ್ತಿಯವರಿಗೂ ಆ ಕೊರತೆಯಿಲ್ಲ. ಅವರು ಒಬ್ಬರನ್ನೊಬ್ಬರು ಹಿಡಿಯುತ್ತಾರೆ.

ಹಿಡಿದದ್ದನ್ನು ಬಿಟ್ಟು ಊಹೆಗೆ ಹೊರಟವರು ಕೊನೆಗೆ ಸರಪಳಿ ಲೆಕ್ಕಕ್ಕೆ ಇಳಿಯುತ್ತಾರೆ. ಇವನು ಅವನನ್ನು ಕೆಡವಿದ, ಅವನು ಮತ್ತೊಬ್ಬನನ್ನು ಕೆಡವಿದ, ಆದ್ದರಿಂದ ಇವನು ಮತ್ತೊಬ್ಬನನ್ನು ಕೆಡವುತ್ತಿದ್ದ. 1973ರಲ್ಲಿ ಕೆನ್ ನಾರ್ಟನ್ ಅಲಿಯ ದವಡೆ ಮುರಿದು ಗೆದ್ದ. 1974ರಲ್ಲಿ ಆ ನಾರ್ಟನ್‌ನನ್ನು ಫೋರ್ಮನ್ ಎರಡು ಸುತ್ತಿನಲ್ಲಿ ಮುಗಿಸಿದ. ಅದೇ ವರ್ಷ ಆ ಫೋರ್ಮನ್‌ನನ್ನು ಅಲಿ ಕೆಡವಿದ. ಈಗ ಹೇಳಿ, ಯಾರು ಮೇಲು? ಒಬ್ಬನ ವರಸೆ ಇನ್ನೊಬ್ಬನ ವರಸೆಗೆ ಹೇಗೆ ಕೂಡುತ್ತದೆ ಎಂಬುದರ ಮೇಲೆ ಎಲ್ಲ ನಿಂತಿದೆ. ಜೋಡಿ ಕಟ್ಟುವ ಹಳಬರಿಗೆ ಇದು ಗೊತ್ತು. ಜಾತ್ರೆಯ ಕುಸ್ತಿಗೆ ಮುನ್ನ ಅವರು ಇಬ್ಬರನ್ನೂ ಎದುರು ನಿಲ್ಲಿಸಿ ಮೈಕಟ್ಟು, ಎತ್ತರ, ಕತ್ತು ನೋಡಿ ಜೋಡಿ ಸರಿಯೆನ್ನುವುದು ಅದಕ್ಕೇ. ಕಾಗದದ ಮೇಲಿನ ಸರಪಳಿಯನ್ನು ಅವರು ನಂಬುವುದಿಲ್ಲ.

ಮಣ್ಣಿಗೂ ಮ್ಯಾಟಿಗೂ ಇರುವ ಅಂತರವನ್ನು ಭರವಾದಿಗಳು ಎಣಿಸುವುದೇ ಇಲ್ಲ. ಮಜ್ಜಿಗೆ, ಅರಿಸಿನ, ಎಣ್ಣೆ ಬೆರೆಸಿ ಹದ ಮಾಡಿದ ಕೆಂಪು ಮಣ್ಣಿನಲ್ಲಿ ನಿಕಾಲಿ ಕುಸ್ತಿಗೆ ಗಡಿಯಾರವಿಲ್ಲ, ಅಂಕವಿಲ್ಲ. ಎರಡೂ ಭುಜ ಮಣ್ಣಿಗೆ ತಾಗಿದರೆ ಮುಗಿಯಿತು. ಮ್ಯಾಟಿನಲ್ಲಿ ಮೂರು ಮೂರು ನಿಮಿಷದ ಎರಡು ಸುತ್ತು, ಹೆಜ್ಜೆ ಹೊರಗಿಟ್ಟರೂ ಅಂಕ. ಒಂದರಲ್ಲಿ ಮೇಲಾದವನು ಇನ್ನೊಂದರಲ್ಲಿ ಕೆಳಗಾಗಬಹುದು. ಸತ್ಪಾಲ್‌ರ ಏಷ್ಯಾಡ್ ಚಿನ್ನವನ್ನು ತಂದು ಬೆಳಗಾವಿಯ ಕುಸ್ತಿಯ ಮೇಲೆ ಇಡುವವರು ಎರಡು ಬೇರೆ ತಕ್ಕಡಿಯ ಬಟ್ಟುಗಳನ್ನು ಬೆರೆಸುತ್ತಿದ್ದಾರೆ.

ಮೈಸೂರಿನವರು ಈ ವಿಷಯದಲ್ಲಿ ಬುದ್ಧಿವಂತರು. ವಿಜಯದಶಮಿಯ ದಿನ ಅರಮನೆಯ ಅಂಗಳದಲ್ಲಿ ತಲೆ ಬೋಳಿಸಿಕೊಂಡ ಜಟ್ಟಿಗಳು ವಜ್ರಮುಷ್ಟಿ ತೊಟ್ಟು ಎದುರಾಗುತ್ತಾರೆ. ಮೈಸೂರು, ಬೆಂಗಳೂರು, ಚನ್ನಪಟ್ಟಣ, ಚಾಮರಾಜನಗರದ ಜಟ್ಟಿಗಳು. ಒಬ್ಬನ ನೆತ್ತಿಯಿಂದ ರಕ್ತ ಚಿಮ್ಮಿದ ಕ್ಷಣ ಕಾಳಗ ಮುಗಿಯುತ್ತದೆ, ಕೆಲವೊಮ್ಮೆ ಕಣ್ಣು ಮಿಟುಕಿಸುವಷ್ಟರಲ್ಲಿ. ಹೋದ ವರ್ಷ ಹಿಡಿದಿದ್ದರೆ ನಾನು ಗೆಲ್ಲುತ್ತಿದ್ದೆ ಎಂದು ರಕ್ತ ಒರೆಸಿಕೊಳ್ಳುತ್ತ ಯಾವ ಜಟ್ಟಿಯೂ ವಾದಿಸುವುದಿಲ್ಲ.

ಈ ವಾದದ ಕೆಟ್ಟ ಫಲ ತಟ್ಟುವುದು ಗೆದ್ದವನಿಗೆ. ಫ್ರೇಜಿಯರನ ಎಡಗಣ್ಣಿಗೆ ಮೊದಲಿನಿಂದಲೂ ಪೊರೆ ಬಂದಿತ್ತು. ಆ ಕಣ್ಣಿನಲ್ಲೇ ಅವನು ಜಗತ್ತಿನ ಅತಿ ವೇಗದ ಕೈಗಳನ್ನು ಎದುರಿಸಿದ. ಅಲಿಗೆ ನಿಷೇಧವಿದ್ದಾಗ ಅವನ ಪರವಾಗಿ ಮಾತಾಡಿದ್ದ, ಕೈಗಡವಾಗಿ ದುಡ್ಡನ್ನೂ ಕೊಟ್ಟಿದ್ದ; ಪ್ರತಿಯಾಗಿ ಸಿಕ್ಕಿದ್ದು ಗೊರಿಲ್ಲಾ ಎಂಬ ಬೈಗುಳ. ಇಷ್ಟರ ಮೇಲೆ ಅವನ ಒಂದೇ ಒಂದು ದೊಡ್ಡ ಗೆಲುವನ್ನೂ "ಅಲಿ ಭರದಲ್ಲಿರಲಿಲ್ಲ" ಎಂದು ಕಿತ್ತುಕೊಳ್ಳುವುದು ಯಾವ ರಸಿಕತೆ? ಬಿರಾಜದಾರರು 2011ರಲ್ಲಿ ತೀರಿಕೊಂಡರು. ಪುಣೆಯಲ್ಲಿ ಹುಡುಗರಿಗೆ ಕುಸ್ತಿ ಕಲಿಸುತ್ತ ಬದುಕಿದ ಆ ಉಸ್ತಾದರ ಗೆಲುವಿಗೂ ಇದೇ ಗತಿ.

ಇನ್ನು ಮುಂದೆ ಯಾರಾದರೂ ನಿಮ್ಮೆದುರು "ಭರದಲ್ಲಿದ್ದಾಗ" ಎಂದು ಮಾತು ತೆಗೆದರೆ ಯಾವ ದಿನ, ಯಾವ ಊರು, ಪಂಚ ಯಾರು ಎಂದು ಕೇಳಿ. ಉತ್ತರ ಬಂದರೆ ಕೂತು ಕೇಳಿ, ಬಾರದಿದ್ದರೆ ಚಹದ ದುಡ್ಡು ಅವನಿಂದಲೇ ಕೊಡಿಸಿ. ಅಲಿ ಎರಡು, ಫ್ರೇಜಿಯರ್ ಒಂದು. 1977ರ ಬೆಳಗಾವಿಯ ಕುಸ್ತಿ ಬಿರಾಜದಾರರದು.